ಲಿಂಬಿ ಆರಿಸೂ ಮೂಗು

ಲಿಂಬಿಕಾಯಿ ಅಂದ್ರ ಎಲ್ಲಾ ಒಂದ ಅಂತ ತಿಳಕೊಂಡವ್ರಿಗೆ ನಾ ದೂರದಿಂದನ ಕೈ ಮುಗೀತೇನಿ. ಅವ್ರು ಅಡಗಿಮನಿ ಕಡೆ ಹಣಿಕಿನೂ ಹಾಕಿರಾಕಿಲ್ಲ. ಕಾಗದಿ ಲಿಂಬಿ ಬ್ಯಾರೆ, ಇಡಲಿಂಬಿ ಬ್ಯಾರೆ, ಸಿಹಿಲಿಂಬಿ ಬ್ಯಾರೆ. ಹಳದಿ ತಿರುಗಿದ ಮ್ಯಾಲೆ ಒಂದ ಬುಟ್ಟಿಗೆ ಹಾಕಿದ್ರ ಮೂರೂ ಒಂದ ತಾಯಿ ಮಕ್ಕಳ ಹಂಗ ಕಾಣ್ತಾವು. ಉಪ್ಪಿನಕಾಯಿಗೆ ಬೇಕಾದದ್ದು ತೆಳು ಸಿಪ್ಪಿ ಕಾಗದಿ. ಇಡಲಿಂಬಿದು ದಪ್ಪ ಸಿಪ್ಪಿ, ಬಾಯಾಗಿಟ್ರ ಕಹಿ. ಸಿಹಿಲಿಂಬಿ ಅಂತೂ ಪಕ್ಕಾ ಮೋಸಗಾರ. ಅದರಾಗ ಹುಳಿನ ಇಲ್ಲ. ಒಂದ ಹಣ್ಣು ತಪ್ಪಿ ಭರಣ್ಯಾಗ ಬಿತ್ತಂದ್ರ ಲೋಳಿ ಬಿಟ್ಟು, ಬೂಷ್ಟು ಹಿಡಿದು, ಇಡೀ ವರ್ಷದ ಉಪ್ಪಿನಕಾಯಿ ತಿಪ್ಪಿಗೆ ಹೋಗ್ತಿತ್ತು. ಅದಕ್ಕ ಧಾರವಾಡದ ಹೆಣ್ಮಕ್ಳು ಉಗುರಿಲೆ ಸಿಪ್ಪಿ ಗೀರಿ, ಮೂಗಿಗೆ ಹಿಡಿದು, ವಾಸನಿ ಮ್ಯಾಲೆ ಆರಸ್ತಿದ್ರು. ಕಾಗದಿ ವಾಸನಿ ನೆತ್ತಿಗೆ ಹತ್ತತೈತಿ, ಸಿಹಿಲಿಂಬಿದು ಹೂವಿನಂಗ ಮೆತ್ತಗ ಇರ್ತೈತಿ.

ನಮ್ಮ ಅಕ್ಕಗ ಯಾವ ವಾಸನಿನೂ ಬರ್ತಿದ್ದಿಲ್ಲ.

ಐವತ್ತರ ದಶಕ ಮುಗಿಯೂ ಹೊತ್ತಿಗೆ ಅಕಿಗೆ ವಿಷಮಜ್ವರ ಬಂದಿತ್ತು. ಜೀವ ಉಳೀತು, ಉದುರಿದ ಕೂದಲಾ ಮತ್ತ ಬಂದ್ವು, ಮೂಗಿನ ಶಕ್ತಿ ಮಾತ್ರ ಹೋದದ್ದು ಹೋತು. ಒಂದಿನ ಒಲಿ ಮ್ಯಾಲೆ ಹಾಲು ಹೊತ್ತಿ ಕರೀ ಬಿದ್ದಿದ್ರೂ ಅಕ್ಕ ಅಲ್ಲೇ ಕುಂತು ಅಕ್ಕಿ ಹಸನ ಮಾಡಾಕತ್ತಿದ್ಲು. ಅವ್ವ ನೋಡಿದ್ಲು, ತಿಳಕೊಂಡ್ಲು, ನಮ್ಮಿಬ್ಬರನ್ನೂ ಒಳಗ ಕರದು, "ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ, ಅಪ್ಪನ ಮುಂದೂ ಬ್ಯಾಡ. ಕುಂದು ಐತಿ ಅಂತ ಗೊತ್ತಾದ್ರ ಯಾರು ಒಯ್ತಾರ ಇಕಿನ್ನ?" ಅಂದ್ಲು. ಅಕ್ಕ ನೋಡಾಕ ಎಷ್ಟು ಛಲೋ ಇದ್ಲು! ಕೆಲಸದಾಗ ಅಕಿ ಮುಂದ ನಾ ಕಸಕ್ಕ ಸಮ. ಆದ್ರ ಅವ್ವಗ ಅಂದಿನಿಂದ ಅಕ್ಕನ ಮಾರಿಯೊಳಗ ಮೂಗೊಂದ ಕಾಣಾಕ ಹತ್ತಿತು.

ಹುಬ್ಬಳ್ಳಿಯಿಂದ ಒಂದು ಸಂಬಂಧ ಬಂತು. ಕಾಳು-ಕಡಿ ವ್ಯಾಪಾರದ ಮನಿತನ, ಹುಡುಗ ತಣ್ಣಗಿನ ಸ್ವಭಾವದಾಂವ. ಹುಡುಗನ ತಾಯಿ ಮಾತ್ರ ಕೆಂಡ. ದೊಡ್ಡ ಸೊಸಿ ಸಿಹಿಲಿಂಬಿ ಕೂಡಿಸಿ ಭರಣಿ ಕೆಡಿಸಿದ್ಲಂತ. ಈ ಸಲ ಕನ್ಯಾ ನೋಡಾಕ ಬರುವಾಗ ಚೀಲದಾಗ ಲಿಂಬಿ ತಂದು ಹುಡುಗಿ ಕೈಲೆ ಆರಿಸಿ ನೋಡ್ತಾಳಂತ. ಸುದ್ದಿ ಕೇಳಿ ಅವ್ವ ಕಟ್ಟಿ ಮ್ಯಾಲೆ ಕುಸದು ಕುಂತ್ಲು.

ಕುಂತಾಕಿ ಹಂಗ ಕುಂದ್ರಲಿಲ್ಲ. ಕೆಲಗೇರಿ ಕಡಿಂದ ಬುಟ್ಟಿ ಹೊತ್ತು ಬರ್ತಿದ್ದ ಹೆಣ್ಮಗಳಿಗೆ ಹೇಳಿ ಮೂರೂ ಜಾತಿ ತರಿಸಿದ್ಲು. ಅಕ್ಕನ ಕಣ್ಣಿಗೆ ಅರಬಿ ಕಟ್ಟಿ ಒಂದೊಂದ ಹಣ್ಣು ಕೈಗೆ ಕೊಟ್ಲು. ಹೆಬ್ಬೆರಳಿಗೆ ಮಣದ್ರ ಕಾಗದಿ. ಬಿರುಸು, ಗಾತ್ರಕ್ಕ ಹಗುರ ಇದ್ರ ಇಡಲಿಂಬಿ. ಸಿಹಿಲಿಂಬಿದು ತಳದಾಗ ಮೊಲಿತೊಟ್ಟಿನಂಥಾದ್ದು ಇರ್ತೈತಿ, ಅದರ ಸುತ್ತ ಒಂದು ಸಣ್ಣ ಗುಂಡನ ಗೆರಿ ಬೆರಳಿಗೆ ಹತ್ತತೈತಿ. "ಮೂಗಿಗೆ ಹಿಡಿ, ಉಸರು ಎಳಕೋ, ಆದ್ರ ಬೆರಳಿಲೆ ನೋಡು," ಅಂತ ಅವ್ವ ದಿನಾ ಬೆಳಗಿಂದ ಸಂಜಿತನಾ ಪಾಠ ಮಾಡಿದ್ಲು. ಸಿಪ್ಪಿ ಎಣ್ಣಿ ಹತ್ತಿ ಅಕ್ಕನ ಬೆರಳಸಂದಿ ಉರೀತಿದ್ವು, ಪಾಪ, ಒಂದಿನಾನೂ ಬ್ಯಾಡ ಅನ್ನಲಿಲ್ಲ.

ಅವ್ರು ಬಂದ್ರು. ಚಹಾ, ಉಪ್ಪಿಟ್ಟು ಆತು. ಹುಡುಗನ ತಾಯಿ ಚೀಲ ಚಾಪಿ ಮ್ಯಾಲೆ ಸುರುವಿ, "ಏನವಾ, ಹಾಡು ಗೀಡು ನನಗ ಬ್ಯಾಡ. ಇದನ್ನಷ್ಟು ಆರಿಸಿ ಕೊಡು," ಅಂದ್ಲು. ಅಕ್ಕ ಒಂದೊಂದ ಹಣ್ಣು ಎತ್ತಿ, ಕಣ್ಣು ಮುಚ್ಚಿ, ಮೂಗಿಗೆ ಹಿಡಿದು, ದೇವರ ಮುಂದಿನ ಊದಿನಕಡ್ಡಿ ವಾಸನಿ ತಗೊಂಡಂಗ ಉಸರು ಎಳದ್ಲು. ಬೆರಳು ಕೆಳಗ ತಮ್ಮ ಕೆಲಸ ಮಾಡಾಕತ್ತಿದ್ವು. ಮೂರು ರಾಶಿ ಆದ್ವು, ಒಂದೂ ತಪ್ಪಲಿಲ್ಲ. "ಅಬಾಬಾಬಾ, ಏನ್ ಮೂಗ ನಿಂದು! ಈ ಮೂಗಿಗೆ ಮುತ್ತಿನ ನತ್ತು ನಾನ ಇಡಸ್ತೇನಿ," ಅಂದ್ಲು ಆ ಹೆಣ್ಮಗಳು. ಅವ್ವ ಒಳಗ ಹೋಗಿ ಸೆರಗು ಬಾಯಾಗ ತುರಕೊಂಡು ಅತ್ಲು. ನನಗೂ ಆವತ್ತು ಗೆದ್ದಂಗ ಅನಸಿತ್ತು.

ಲಗ್ನ ಆತು. ನತ್ತೂ ಬಂತು. ಹುಬ್ಬಳ್ಳಿ ಓಣಿ ತುಂಬ ಅಕ್ಕನ ಮೂಗಿನ ಡಂಗುರ. ತುಪ್ಪ ಕೊಳ್ಳೂದಿರ್ಲಿ, ಹಿಟ್ಟು ಮುಗ್ಗೈತೋ ಇಲ್ಲೋ ನೋಡೂದಿರ್ಲಿ, "ಸಣ್ಣಾಕಿ ಮೂಗಿಗೆ ಹಿಡೀರಿ," ಅಂತಿದ್ಲು ಅತ್ತಿ. ಅಕ್ಕ ಕದ್ದು ನಾಲಿಗಿಗೆ ಹಚ್ಚಿ ನೋಡಿ, ಎದುರಿಗಿದ್ದವರ ಮಾರಿ ನೋಡಿ ಹೆಂಗೋ ಹೇಳ್ತಿದ್ಲು. ಹಾಲು ಕಾಸಾಕ ಇಟ್ರ ಅಲ್ಲಿಂದ ಕದಲ್ತಿದ್ದಿಲ್ಲ. ಗಂಡಗೂ ಹೇಳಿರಲಿಲ್ಲ. ಇದು ಬಾಳೇ ಏನು? ದಿನಾ ಪರೀಕ್ಷಾ ಕುಂತಂಗ. ನಾ ಹಂಗಂದ್ರ ಅವ್ವ ನನಗ ಕಣ್ಣು ತಗೀತಿದ್ಲು.

ಮೊದಲನೇ ಬಾಣಂತನ ನಮ್ಮ ಮನ್ಯಾಗ ಆತು, ಗಂಡು ಕೂಸು. ಅವ್ವ ಆ ಖೋಲಿ ಬಿಟ್ಟು ಅಲಗಾಡಲಿಲ್ಲ. ಎರಡನೇದು ಗಂಡನ ಮನ್ಯಾಗ ಅಂತ ಅತ್ತಿ ಹಟ ಹಿಡದ್ಲು. ತಾನೂ ಬಂದಿರ್ತೇನಿ ಅಂತ ಅವ್ವ ಅಂದ್ರ, "ಯಾಕ್ರಿ ಬೀಗ್ತೇರ, ನಾವು ಸತ್ತೇವೇನು?" ಅಂತ ಕೇಳಿದ್ಲು. ಯಾಕ ಅಂತ ಹೇಳೂ ಹಂಗಿದ್ದಿಲ್ಲ, ಅವ್ವ ಧಾರವಾಡದಾಗ ಉಳದ್ಲು.

ಆವಾಗಿನ ಬಾಣಂತಿ ಖೋಲಿ ನೋಡಿದವ್ರಿಗೆ ಗೊತ್ತು. ಕಿಡಕಿ ಮುಚ್ಚಿ, ಬಾಣಂತಿ ಕಿವ್ಯಾಗ ಹತ್ತಿ ಅರಳಿ ತುರುಕಿ, ತಲಿಗೆ ಅರಬಿ ಬಿಗದು, ಹೊರಸಿನ ಬಾಜೂಕ ಕೆಂಡದ ಅಗ್ಗಿಷ್ಟಿಗಿ ಇಟ್ಟು ಲೋಬಾನ ಹಾಕ್ತಿದ್ರು. ಎರಡನೇ ಕೂಸು ಹುಟ್ಟಿದ ಸ್ವಲ್ಪ ದಿನಕ್ಕ ಒಂದು ಮಧ್ಯಾಹ್ನ ಅದಕ್ಕ ಎರದು, ಹೊಗಿ ಕೊಟ್ಟು, ಅಗ್ಗಿಷ್ಟಿಗಿ ಬಾಜೂಕಿನ ತೊಟ್ಟಿಲಕ್ಕ ಹಾಕಿ ಕೌದಿ ಹೊದಿಸಿದ್ರು. ದೊಡ್ಡ ಸೊಸಿ ಅಲ್ಲೇ ಕುಂದ್ರಾಕ ಹೋದ್ರ ಅತ್ತಿ, "ನೀ ಯಾಕ? ಅಷ್ಟು ಚುರುಕು ಮೂಗಿನಾಕಿ ಅದಾಳಲ್ಲ, ಏನಾರ ಸುಟ್ರ ಅಕಿಗೇ ಮೊದಲ ಗೊತ್ತಾಗ್ತೈತಿ," ಅಂತ ಕರಕೊಂಡು ಹೋದ್ಲು. ಕೌದಿ ತುದಿ ಜೋತು ಕೆಂಡಕ್ಕ ಮುಟ್ಟಿತು. ಹಳೇ ಸೀರಿ ಪದರ ಪದರ ಹೊಲದ ಕೌದಿ, ಉರಿ ಹತ್ತಲಿಲ್ಲ, ಒಳಗೊಳಗ ಹೊಗೀತು. ಕತ್ತಲ ಖೋಲಿಯೊಳಗ ಲೋಬಾನದ ಹೊಗಿ ಮೊದಲ ತುಂಬಿತ್ತು. ಅದಕ್ಕೂ ಇದಕ್ಕೂ ಫರಕು ತಿಳೀಬೇಕಂದ್ರ ಮೂಗ ಬೇಕು. ಅಂಗಳದಾಗ ಅರಬಿ ಸುಟ್ಟ ವಾಸನಿ ಬಡದು ಮಂದಿ ಓಡಿ ಬರೂದ್ರಾಗ ಕೂಸು ಹೊಗಿ ಕುಡದು ಜೀವ ಬಿಟ್ಟಿತ್ತು.

ಸುದ್ದಿ ಬಂದ ಕೂಡ್ಲೆ ನಾವು ಹುಬ್ಬಳ್ಳಿಗೆ ಹೋದ್ವಿ. ಅಕ್ಕ ಗ್ವಾಡಿಗೆ ಆತಕೊಂಡು ಕುಂತಿದ್ಲು, ಕಣ್ಣಾಗ ನೀರಿಲ್ಲ. ಅತ್ತಿ ಎದಿ ಎದಿ ಬಡಕೊಂಡು, "ಲಿಂಬಿ ವಾಸನಿ ಹಿಡಿಯಾಕಿಗೆ ಅರಬಿ ಸುಟ್ಟದ್ದು ಮೂಗಿಗೆ ಬರಲಿಲ್ಲೇನ ನಿನಗ?" ಅಂತ ಕೇಳಿದ್ಲು. ಅಕ್ಕ ಬಾಯಿ ತಗದ್ಲು. ಅಕಿ ಖರೇ ಹೇಳಾಕ ಹೊಂಟಿದ್ಲು, ನಾ ಕಣ್ಣಾರೆ ನೋಡೇನಿ. ಅಷ್ಟರಾಗ ಅವ್ವ ನಡಕ ಬಂದು, "ಹಸಿ ಬಾಣಂತಿ ರೀ, ಕಣ್ಣು ಹತ್ತಿರ್ತಾವು, ಮಲಗಿಬಿಟ್ಟಾಳು," ಅಂದ್ಲು. ಅಕ್ಕ ಅವ್ವನ ಮಾರಿ ನೋಡಿ ಬಾಯಿ ಮುಚ್ಚಿದ್ಲು.

ವಾಪಸ್ ಬರುವಾಗ ಬಸ್ಸಿನ್ಯಾಗ ನಾ ಅವ್ವನ ಜೋಡಿ ಜಗಳಾಡಿದೆ. "ಮಲಗಿದ್ಲು ಅಂದ್ರ ಬೈತಾರ, ಇಟ್ಕೋತಾರ. ಮೋಸ ಮಾಡೀವಿ ಅಂತ ತಿಳದ್ರ ಹೊರಗ ಹಾಕ್ತಾರ. ನಿಂದೊಂದು ಲಗ್ನ ಬ್ಯಾರೆ ಆಗಬೇಕಲ್ಲ," ಅಂದ್ಲು ಅವ್ವ. ಅವ್ವನ ಲೆಕ್ಕ ತಪ್ಪಲಿಲ್ಲ. ಅಕ್ಕನ್ನ ಇಟ್ಕೊಂಡ್ರು. ನನ್ನ ಲಗ್ನನೂ ಆತು. ಅವ್ವನ ಮ್ಯಾಲಿನ ಸಿಟ್ಟು ಮಾತ್ರ ಇನ್ನೂ ಇಳದಿಲ್ಲ, ಇಳೀಲಿ ಅಂತ ನಾ ಬೇಡಿಕೊಂಡೂ ಇಲ್ಲ.

ಅರವತ್ತರ ದಶಕ ಮುಗೀಲಿಕ್ಕೆ ಬಂದಾಗ ಅಕ್ಕಗ ಒಂದು ಹೆಣ್ಣು ಕೂಸಾತು. ನೋಡಾಕ ಹೋದೆ. ಅಕ್ಕ ಪಡಸಾಲ್ಯಾಗ ಒಬ್ಬಾಕಿನ ಕುಂತಿದ್ಲು, ಕೂಸು ಒಳಗ ದೊಡ್ಡ ಸೊಸಿ ಹತ್ರ ಚೀರಾಕತ್ತಿತ್ತು. ಅಕ್ಕನ ಕುಬಸದ ಎದಿ ತೊಯ್ದಿತ್ತು. "ಏಳ, ಹೋಗಿ ಎತ್ಕೋ," ಅಂದೆ.

"ಹಾಲು ಕುಡಿಸೂ ಹೊತ್ತಿಗೆ ಅವ್ರ ತಂದು ಕೊಡ್ತಾರ," ಅಂದ್ಲು. "ಕೂಸಿನ ಜೋಡಿ ನನ್ನ ಒಬ್ಬಾಕಿನ್ನ ಬಿಡೂದಿಲ್ಲ. ಮತ್ತ ಮಲಗಿಬಿಡ್ತಾಳ ಅಂತಾರ."

ಕೂಸು ಇನ್ನೂ ಚೀರಾಕತ್ತಿತ್ತು. ಅಕ್ಕ ಒಳಗಿನ ಖೋಲಿ ಬಾಗಲಾನ ನೋಡಕೋತ ಸಣ್ಣ ದನಿಯಾಗ ಹೇಳಿದ್ಲು, "ನಾ ಆವತ್ತು ಮಲಗಿದ್ದಿಲ್ಲ, ತಂಗಿ. ಎಚ್ಚರಾಗಿ ಕುಂತಿದ್ದೆ. ತೊಟ್ಟಿಲಾ ತೂಗಾಕತ್ತಿದ್ದೆ."