ಬಲಗಾಲಿನ ಸುಳ್ಳು

ಅಲೆಕ್ಸಾಂಡ್ರಿಯಾದ ಮುಹರ್ರಮ್ ಬೇ ಬಡಾವಣೆಯ ಆ ಪುಟ್ಟ ಕ್ಲಬ್ಬಿಗೆ ಹೊಸದಾಗಿ ಬಂದವರು ಕ್ಯಾಪ್ಟನ್ ಇನ್ಶಿರಾಳ ತರಬೇತಿ ನೋಡಿ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಈ ಹುಡುಗಿಯರೇಕೆ ಸುಮ್ಮನೆ ಕೂತಿದ್ದಾರೆ? ಕೂತಿರುತ್ತಿದ್ದರು, ನಿಜ. ಬಾಸ್ಕೆಟ್‌ಬಾಲ್ ತಂಡದ ಹನ್ನೊಂದು ಹುಡುಗಿಯರು ಗೋಡೆಗೆ ಒರಗಿ, ಕಾಲು ಚಾಚಿಕೊಂಡು, ಮನೆಯ ಸುದ್ದಿ ಮಾತಾಡುತ್ತಿದ್ದರು. ಒಬ್ಬಳು ಎದ್ದು ಸೊಂಟದೆತ್ತರದ ಮರದ ಪೆಟ್ಟಿಗೆಯ ಮೇಲಕ್ಕೆ ಮೂರು ಸಲ ನೆಗೆಯುತ್ತಿದ್ದಳು. ಮತ್ತೆ ಬಂದು ಮೂರು ನಿಮಿಷ ಕೂರುತ್ತಿದ್ದಳು. ಅಷ್ಟೆ.

ಕ್ಲಬ್ಬಿನ ಅಧ್ಯಕ್ಷ, ಹಜ್ ಯಾತ್ರೆ ಮಾಡಿ ಬಂದು 'ಹಾಗ್' ಎನಿಸಿಕೊಂಡಿದ್ದ ಮುಖ್ತಾರ್, ಸೋಫಾ, ಮಂಚ ಮಾರುವ ಮನುಷ್ಯ. ಕೂತವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು.

"ಕ್ಯಾಪ್ಟನ್, ನನ್ನ ಅಂಗಡಿ ಹುಡುಗರು ಇಷ್ಟು ಹೊತ್ತು ಕೂತ್ರೆ ಅವತ್ತೇ ಮನೆಗೆ ಕಳಿಸ್ತೀನಿ."

"ನಿಮ್ಮ ಹುಡುಗರು ಸೋಫಾ ಹೊರ್ತಾರೆ ಹಾಗ್. ಇವರು ತಮ್ಮನ್ನೇ ಮೇಲಕ್ಕೆ ಎಸೀಬೇಕು. ಸುಸ್ತಾದವಳು ಹಾರೋದನ್ನ ಕಲಿಯಲ್ಲ, ಸುಸ್ತಾಗೋದನ್ನ ಕಲೀತಾಳೆ."

ಹಾಗ್ ಮುಖ್ತಾರ್‌ಗೆ ಅರ್ಥವಾಗುತ್ತಿರಲಿಲ್ಲ. ಆದರೆ ಎದುರು ಮಾತಾಡುವ ಧೈರ್ಯವೂ ಇರಲಿಲ್ಲ, ಏಕೆಂದರೆ ಇನ್ಶಿರಾಳ ತೋಳು ಅವನ ತೊಡೆಯಷ್ಟಿತ್ತು. ದಮನ್‌ಹೂರ್‌ನ ಹತ್ತಿ ಗಿರಣಿಯ ಕಾರ್ಮಿಕನ ಮಗಳು ಅವಳು. ಹದಿನೇಳರ ವಯಸ್ಸಿಗೇ ಭಾರ ಎತ್ತುವ ಪಂದ್ಯಗಳಿಗೆ ಇಳಿದವಳು. ತನಗಿಂತ ತೂಕದ ಕಬ್ಬಿಣವನ್ನು ಒಂದೇ ಉಸಿರಿಗೆ ತಲೆಯ ಮೇಲೆತ್ತಿ ನಿಲ್ಲುತ್ತಿದ್ದಳು. ಆ ಕಾಲ ಮುಗಿದ ಮೇಲೆ ಈ ಕ್ಲಬ್ಬಿಗೆ ಬಂದು, ಚೆಂಡಾಟದ ಹುಡುಗಿಯರ ಮೈಗೆ ಬಲ ತುಂಬುವ ಕೆಲಸ ಹಿಡಿದಳು. ಹಿಡಿದು ಹತ್ತೊಂಬತ್ತು ವರ್ಷವಾಗಿತ್ತು. ತರಬೇತಿ ಕೊಡುವವರನ್ನು ಅಲ್ಲಿ ಕ್ಯಾಪ್ಟನ್ ಎನ್ನುವುದೇ ರೂಢಿ.

ಈ ಹುಡುಗಿಯರು ಸೇರಿದ ಮೊದಮೊದಲು ತಾಯಂದಿರು ಸಾಲುಗಟ್ಟಿ ಬಂದು ಗೋಳಾಡಿದ್ದರು. ಅವರಲ್ಲಿ ಮುಂದಿದ್ದವಳು ತಂಡದ ರೊದೈನಾಳ ತಾಯಿ, ಮಗ ಕರೀಮ್‌ನ ಹೆಸರಿನಿಂದ ಉಮ್ಮ್ ಕರೀಮ್ ಎಂದು ಕರೆಸಿಕೊಳ್ಳುತ್ತಿದ್ದವಳು. "ಕ್ಯಾಪ್ಟನ್, ಭಾರ ಎತ್ತಿ ಎತ್ತಿ ನನ್ನ ಮಗಳು ಕುಳ್ಳಿ ಆಗಿಬಿಟ್ರೆ?"

"ಅವಳು ನಿನಗಿಂತ ಎರಡು ಗೇಣು ಎತ್ತರ ಇದ್ದಾಳೆ ಉಮ್ಮ್ ಕರೀಮ್. ಒಂದು ಗೇಣು ಕಮ್ಮಿ ಆದ್ರೆ ಅಳಿಯ ಹುಡುಕೋಕೆ ನಿನಗೇ ಸುಲಭ."

ಇನ್ಶಿರಾ ಮೊದಲು ಕಾಲಿಗೆ ಬಲ ಕೊಡುತ್ತಿದ್ದಳು. ಹೆಗಲ ಮೇಲೆ ಕಂಬಿ ಹೊತ್ತು ಕುಕ್ಕರಿಸಿ ಏಳುವುದು, ತಿಂಗಳುಗಟ್ಟಲೆ ಅದೇ. ಆ ಬಲ ಬಂದ ಮೇಲೆಯೇ ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಹಾಕುವುದನ್ನು ಕಲಿಸುವುದು. ಹಾರುವುದನ್ನು ಕಣ್ಣಿಂದ ನೋಡುತ್ತಿದ್ದಳು, ಇಳಿಯುವುದನ್ನು ಮಾತ್ರ ಬೆನ್ನು ತಿರುಗಿಸಿ ನಿಂತು ಕಿವಿಯಿಂದ ಕೇಳುತ್ತಿದ್ದಳು. ಮಂಡಿ ಮುರಿಯುವುದು ಏರುವಾಗಲ್ಲ, ಇಳಿಯುವಾಗ. "ಮರಿಹಾಮ್, ಫ್ರಿಜ್ ಬಿದ್ದ ಹಾಗೆ ಇಳೀಬೇಡ, ಕೆಳಗಿನ ಮನೆಯವರು ಪೊಲೀಸ್ ಕರೀತಾರೆ" ಎಂದು ತಿರುಗಿ ನೋಡದೆಯೇ ಹೇಳುತ್ತಿದ್ದಳು. ಹನ್ನೊಂದು ಜೊತೆ ಕಾಲಿನ ಸಪ್ಪಳವೂ ಅವಳಿಗೆ ಬೇರೆಬೇರೆಯಾಗಿ ಗೊತ್ತಿತ್ತು. ಇಂಥ ಕಿವಿ ಇದ್ದ ಇನ್ನೊಬ್ಬರನ್ನು ಆ ಊರಲ್ಲಿ ಕಾಣೆ.

ಆರು ವಾರಕ್ಕೊಂದು ಶುಕ್ರವಾರ ಬೆಳಿಗ್ಗೆ ಪರೀಕ್ಷೆ. ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಬಟ್ಟಲಲ್ಲಿ ಕಲಸಿಡುತ್ತಿದ್ದಳು. ಹುಡುಗಿ ಬೆರಳದ್ದಿ, ಗೋಡೆಯ ಪಕ್ಕ ನಿಂತು ಕೈ ಎತ್ತಿ ಒಂದು ಗುರುತು ಹಾಕಬೇಕು. ಆಮೇಲೆ ಹಾರಿ ಇನ್ನೊಂದು ಗುರುತು. ನಡುವಿನ ಅಂತರವೇ ಅವಳ ಹಾರಾಟ. ಹೆಸರು, ತಾರೀಖು ಎಲ್ಲ ಗೋಡೆಯ ಮೇಲೆಯೇ. ಬೇರೆ ಪುಸ್ತಕ ಇಡುವ ಅಭ್ಯಾಸ ಇನ್ಶಿರಾಗೆ ಇರಲಿಲ್ಲ. ಅದೊಂದು ಅವಳ ದಡ್ಡತನ, ಹೇಳಲೇಬೇಕು. ಆ ವರ್ಷ ಯಾರೋ ದೊಡ್ಡವರು ಬರುತ್ತಾರೆಂದು ಹಾಗ್ ಮುಖ್ತಾರ್ ಗೋಡೆಗೆ ಸುಣ್ಣ ಹೊಡೆಸಿಬಿಟ್ಟ. ಹತ್ತೊಂಬತ್ತು ವರ್ಷದ ನೀಲಿ ಒಂದು ಮಧ್ಯಾಹ್ನದಲ್ಲಿ ಹೋಯಿತು. 

ರೊದೈನಾಳ ಎಡ ಮಂಡಿಯ ಲಿಗಮೆಂಟ್ ಹರಿದು ಆಗ ಎಂಟು ತಿಂಗಳಾಗಿತ್ತು. ಇಪ್ಪತ್ತು ವರ್ಷದ ಹುಡುಗಿ, ತಂಡದಲ್ಲಿ ಅತಿ ಚುರುಕು, ಅತಿ ಎತ್ತರಕ್ಕೆ ಹಾರುವವಳು. ಆಪರೇಷನ್ ಆದ ಮೂರನೇ ವಾರದಿಂದ ಇನ್ಶಿರಾ ಅವಳನ್ನು ಮಗುವಿಗೆ ನಡಿಗೆ ಕಲಿಸುವ ಹಾಗೆ ಕಲಿಸಿಕೊಂಡು ಬಂದಿದ್ದಳು. ಅವಳು ಬಿದ್ದ ದಿನ ಗಾಬರಿಯಾಗಿದ್ದ ಹಾಗ್ ಮುಖ್ತಾರ್ ತಾನೇ ಒಂದು ನಿಯಮ ಮಾಡಿದ್ದ: ಪೆಟ್ಟಾದವರು ಕ್ಯಾಪ್ಟನ್ ಇನ್ಶಿರಾಳ ಸಹಿ ಇಲ್ಲದೆ ಅಂಗಳಕ್ಕೆ ಇಳಿಯುವಂತಿಲ್ಲ. ಆಪರೇಷನ್ ಆದ ಕಾಲಿನ ಹಾರಾಟ ಒಳ್ಳೆ ಕಾಲಿಗಿಂತ ಒಂದು ಬೆರಳಗಲಕ್ಕೂ ಮೀರಿ ಕಡಿಮೆ ಇರಬಾರದು ಎಂಬುದು ಇನ್ಶಿರಾಳ ಲೆಕ್ಕ.

ಅಷ್ಟರಲ್ಲಿ ತಂಡದ ಗ್ರಹಚಾರ ಕೆಟ್ಟಿತು. ಸಾಲಾಗಿ ಐದು ಪಂದ್ಯ ಸೋತು ಪಟ್ಟಿಯ ತಳಕ್ಕೆ ಬಂದರು. ಕೊನೆಯ ಪಂದ್ಯ ಸೋತರೆ ಎರಡನೇ ದರ್ಜೆಗೆ ಇಳಿಯಬೇಕು. ಹಾಗ್ ಮುಖ್ತಾರ್ ಎಲ್ಲರ ಮುಂದೆ ಖಡಾಖಂಡಿತವಾಗಿ ಹೇಳಿದ, "ಎರಡನೇ ದರ್ಜೆ ತಂಡ ಸಾಕೋಕೆ ನನ್ನಿಂದ ಆಗಲ್ಲ. ಇಳಿದ್ರೆ ತಂಡ ಮುಚ್ತೀನಿ, ಹಾಲ್ ಮದುವೆಗೆ ಬಾಡಿಗೆ ಕೊಡ್ತೀನಿ." ಪಂದ್ಯಕ್ಕೆ ಒಂಬತ್ತು ದಿನ ಇದ್ದಾಗ ರೊದೈನಾಳ ಪರೀಕ್ಷೆ ಬಂತು.

ಆಟ ಕಲಿಸುವ ಕ್ಯಾಪ್ಟನ್ ವಗೀಹ್ ಬೆಳಿಗ್ಗೆಯೇ ಬಂದು ಕುರ್ಚಿ ಹಾಕಿಕೊಂಡಿದ್ದ. ರೊದೈನಾ ನೀಲಿ ಅದ್ದಿ ಎಡಗಾಲಲ್ಲಿ ಮೂರು ಸಲ ಹಾರಿದಳು. ಮೂರು ಗುರುತೂ ಹೆಚ್ಚುಕಡಿಮೆ ಒಂದರ ಮೇಲೊಂದು ಬಿದ್ದವು. ಬಲಗಾಲಲ್ಲಿ ಮೂರು ಸಲ ಹಾರಿದಳು. ಅತಿ ಮೇಲಿನ ಗುರುತು ಎಡಗಾಲಿನದಕ್ಕೆ ಸರಿಸಮ.

"ಅಲ್‌ಹಮ್ದುಲಿಲ್ಲಾ" ಎಂದು ವಗೀಹ್ ಎದ್ದೇಬಿಟ್ಟ. "ಕ್ಯಾಪ್ಟನ್, ಪೆನ್ ಬೇಕಾ? ನನ್ನ ಹತ್ರ ಇದೆ."

ಇನ್ಶಿರಾ ಪೆನ್ ತೆಗೆದುಕೊಳ್ಳಲಿಲ್ಲ. ಬಲಗಾಲಿನ ಮೂರು ಗುರುತುಗಳು ಮೂರು ಕಡೆ ಇದ್ದವು. ಅವಳು ಒದ್ದೆ ಬಟ್ಟೆ ತಂದು ಗೋಡೆಯ ಮೇಲಿದ್ದ ಎಲ್ಲವನ್ನೂ ಒರೆಸಿದಳು.

"ಬಲಗಾಲಲ್ಲಿ ಇನ್ನು ಐದು ಸಲ, ಮಗಳೇ. ನಡುವೆ ಕೂತ್ಕೋ. ಅವಸರ ಇಲ್ಲ."

ರೊದೈನಾ ಐದು ಸಲ ಹಾರಿದಳು. ಈಗ ನೋಡಿಕೊಂಡು ಹಾರಲು ಎಡಗಾಲಿನ ಗುರುತು ಇರಲಿಲ್ಲ. ಒಂದು ಗುರುತು ಕೆಳಗೆ ಬಿತ್ತು, ಇನ್ನೊಂದು ಅದಕ್ಕಿಂತ ಎರಡು ಬೆರಳು ಮೇಲೆ, ಮತ್ತೊಂದು ನಡುವೆ ಎಲ್ಲೋ. ಐದೂ ಐದು ದಿಕ್ಕು.

"ನೋಡಿ, ನೋಡಿ, ಮೊದಲಿಗಿಂತ ಜಾಸ್ತಿನೇ ಹಾರಿದ್ಲು" ಎಂದ ವಗೀಹ್. ಅವನು ಒಳ್ಳೆಯವನೇ. ಗೋಡೆ ಓದಲು ಬರುತ್ತಿರಲಿಲ್ಲ, ಅಷ್ಟೆ.

ಇನ್ಶಿರಾಗೆ ಓದಲು ಬರುತ್ತಿತ್ತು. ಇದ್ದ ಬಲವನ್ನೆಲ್ಲ ಹಾಕಿ ಹಾರುವವಳ ಬೆರಳು ಪ್ರತಿ ಸಲ ಒಂದೇ ಜಾಗ ಮುಟ್ಟುತ್ತದೆ, ಅದರಾಚೆಗೆ ಅವಳ ಕೈಲಾಗುವುದಿಲ್ಲ. ಬಲ ಹಿಡಿದಿಟ್ಟು ಹಾರುವವಳಿಗೆ ಎಷ್ಟು ಹಿಡಿಯಬೇಕೆಂಬುದು ಪ್ರತಿ ಸಲ ಹೊಸ ಅಂದಾಜು. ಎಡಗಾಲು ನಿಜ ಹೇಳಿತ್ತು. ಬಲಗಾಲು ಎಡಗಾಲಿಗೆ ಸಮನಾಗಿ ಕಾಣಲೆಂದು ತಗ್ಗಿ ನಡೆದಿತ್ತು. ಎರಡರ ನಡುವೆ ನಾಲ್ಕು ಬೆರಳಾದರೂ ಅಂತರವಿರಬೇಕು. ಹಳೆಯ ಗೋಡೆ ಇದ್ದಿದ್ದರೆ ಬಲಗಾಲಿನ ಹಳೆಯ ಗುರುತೇ ಅವಳನ್ನು ಹಿಡಿದುಕೊಡುತ್ತಿತ್ತು, ಈ ಆಟ ನಡೆಯುತ್ತಲೇ ಇರಲಿಲ್ಲ. ಹುಡುಗಿ ಸುಣ್ಣದ ಗೋಡೆ ನೋಡಿಯೇ ಈ ಉಪಾಯ ಹೂಡಿದ್ದಳು.

ಇನ್ಶಿರಾ ಅವಳ ಬಳಿ ಹೋಗಿ, ಬೆರಳಿನ ನೀಲಿ ಒರೆಸುವ ನೆಪದಲ್ಲಿ, ಅವಳಿಗೊಬ್ಬಳಿಗೇ ಕೇಳುವಂತೆ ಅಂದಳು: "ನಿನ್ನ ಎಡಗಾಲಿಗೆ ನಾಟಕ ಬರಲ್ಲ ಕಣೆ. ಬಲಗಾಲಿಗೆ ಚೆನ್ನಾಗಿ ಬರುತ್ತೆ."

ರೊದೈನಾಳ ಮುಖ ಬಿಳಿಚಿಕೊಂಡಿತು. ಇನ್ಶಿರಾ ವಗೀಹ್ ಕಡೆ ತಿರುಗಿ, "ಇನ್ನೂ ಹನ್ನೆರಡು ವಾರ. ಸಹಿ ಹಾಕಲ್ಲ" ಎಂದಳು.

"ಯಾಕೆ? ಎರಡೂ ಕಾಲು ಸಮ ಬಂತಲ್ಲ, ನಾನೇ ನೋಡಿದೆ!"

"ನನ್ನ ಕಿವಿ ಒಪ್ಪಲಿಲ್ಲ."

ಬೇರೆ ಕಾರಣ ಅವಳು ಕೊಡಲಿಲ್ಲ. ಅವತ್ತು ಮನೆಗೆ ಹೋಗುವ ಟ್ರಾಮಿನಲ್ಲಿ ಅವಳ ಮನಸ್ಸು ಅಲ್ಲಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಹತ್ತೊಂಬತ್ತು ವರ್ಷ ಸಾಕಿದ ತಂಡ. ಒಂದು ಸಹಿ ಹಾಕಿದರೆ ಉಳಿಯುತ್ತದೆ. ಹತ್ತರಲ್ಲಿ ಏಳು ಸಲ ಏನೂ ಆಗುವುದಿಲ್ಲ, ಹುಡುಗಿ ಆಡುತ್ತಾಳೆ, ಗೆಲ್ಲಿಸುತ್ತಾಳೆ, ನಗುತ್ತಾ ಮನೆಗೆ ಹೋಗುತ್ತಾಳೆ. ಉಳಿದ ಮೂರು ಸಲ ಆ ಮಂಡಿ ಮತ್ತೆ ಹರಿಯುತ್ತದೆ, ಆಗ ಚಪ್ಪಾಳೆ ಹೊಡೆದವರು ಯಾರೂ ಆ ನೋವಿನಲ್ಲಿ ಪಾಲು ಕೇಳಲು ಬರುವುದಿಲ್ಲ. ಇಳಿಯಬೇಕಾದ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋದ ಮೇಲೆ ಅವಳಿಗೆ ಎಚ್ಚರವಾಯಿತು.

ಮುಂದಿನ ಒಂಬತ್ತು ದಿನ ಅವಳು ತಿಂದ ಮಾತು ಅಷ್ಟಿಷ್ಟಲ್ಲ. ಪರೀಕ್ಷೆಯಲ್ಲಿ ರೊದೈನಾ ಪಾಸಾದಳು, ಮುದುಕಿ ಹಟಕ್ಕೆ ಬಿದ್ದಿದ್ದಾಳೆ ಎಂದು ವಗೀಹ್ ಕ್ಲಬ್ಬಿಗೆಲ್ಲ ಸಾರಿದ. ತನ್ನ ಕಾಲ ಮುಗಿಯಿತೆಂದು ಹುಡುಗಿಯರ ಮೇಲೆ ಹೊಟ್ಟೆಕಿಚ್ಚು ಎಂದು ಕ್ಯಾಂಟೀನಿನಲ್ಲಿ ಬೇಯಿಸಿದ ಕಾಳಿನ ಫೂಲ್ ತಿನ್ನುತ್ತಾ ಮಾತಾಡಿಕೊಂಡರು. ಹಾಗ್ ಮುಖ್ತಾರ್ ಕೋಣೆಗೆ ಕರೆಸಿದ.

"ಕ್ಯಾಪ್ಟನ್, ಕಿವಿ ಒಪ್ಪಲಿಲ್ಲ ಅಂದ್ರೆ ಏನರ್ಥ? ಕಿವಿ ಡಾಕ್ಟರ ಹತ್ರ ಹೋಗಿ. ತಂಡ ಮುಚ್ಚಿದ್ರೆ ನಿಮ್ಮ ಕೆಲಸನೂ ಹೋಗುತ್ತೆ, ಗೊತ್ತಲ್ಲ?"

"ಗೊತ್ತು ಹಾಗ್. ನಿಯಮ ನೀವೇ ಮಾಡಿದ್ದು. ಬೇಡ ಅಂದ್ರೆ ನೀವೇ ಸಹಿ ಹಾಕಿ. ನಾಳೆ ಅವಳು ಬಿದ್ರೆ ಉಮ್ಮ್ ಕರೀಮ್‌ಗೆ ನೀವೇ ಉತ್ತರ ಕೊಡಿ."

ಹಾಗ್ ಮುಖ್ತಾರ್ ಪೆನ್ ಎತ್ತಿದ, ಕೆಳಗಿಟ್ಟ. ರೊದೈನಾ ಆ ಒಂಬತ್ತು ದಿನವೂ ಬಂದು ತನ್ನ ವ್ಯಾಯಾಮ ಮಾಡಿ ಹೋದಳು. ಇನ್ಶಿರಾಳ ಮುಖ ನೋಡಲಿಲ್ಲ, ಬಾಯಿ ಬಿಡಲಿಲ್ಲ. ಇನ್ಶಿರಾ ಎಂದಿನಂತೆ ಪಕ್ಕದಲ್ಲಿ ನಿಂತು ಎಣಿಸಿದಳು.

ಪಂದ್ಯ ಮೂರು ಅಂಕಗಳ ಅಂತರದಲ್ಲಿ ಕೈತಪ್ಪಿತು. ಮರಿಹಾಮ್ ಕೊನೆಯ ಗಳಿಗೆಯಲ್ಲಿ ಎಸೆದ ಚೆಂಡು ರಿಂಗಿನ ಅಂಚಿಗೆ ಬಡಿದು ಹೊರಗೆ ಬಿತ್ತು. ಹಾಗ್ ಮುಖ್ತಾರ್ ಕೊಟ್ಟ ಮಾತಿಗೆ ತಪ್ಪುವವನಲ್ಲ. ಅಂಗಳದಲ್ಲೇ ನಿಂತು, ತಂಡ ಮುಚ್ಚಿತು ಎಂದು ಹೇಳಿ ಹೊರಟುಹೋದ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಯಾರೂ ಬಟ್ಟೆ ಬದಲಿಸಲಿಲ್ಲ. ಇನ್ಶಿರಾ ಬೆಂಚಿನ ತುದಿಯಲ್ಲಿ ಕೂತಿದ್ದಳು. ತಂಡದಲ್ಲಿ ಎಲ್ಲರಿಗಿಂತ ಹಿರಿಯಳಾದ ಮರಿಹಾಮ್ ಅವಳ ಎದುರು ಬಂದು ನಿಂತಳು.

"ಒಂದು ಮಾತು ಕೇಳ್ತೀನಿ, ನಿಜ ಹೇಳಿ ಕ್ಯಾಪ್ಟನ್. ರೊದೈನಾ ಆಡಿದ್ರೆ ಗೆಲ್ತಿದ್ವಾ?"

"ಗೆಲ್ತಿದ್ವಿ" ಎಂದಳು ಇನ್ಶಿರಾ.

ಬಾಗಿಲು ದೂಡಿಕೊಂಡು ಉಮ್ಮ್ ಕರೀಮ್ ಒಳಗೆ ಬಂದಳು. ಹೊರಗಿನಿಂದಲೇ ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ. "ಬಾಯಲ್ಲಿ ಹೇಗೆ ಬಂತು ಈ ಮಾತು? ನನ್ನ ಮಗಳು ಎಂಟು ತಿಂಗಳು ಹಲ್ಲು ಕಚ್ಚಿ ಕಾದಳು. ಪಾಸಾದವಳನ್ನ ಕೂರಿಸಿಬಿಟ್ಟೆ. ನಿನಗೆ ಮಕ್ಕಳಿಲ್ಲ, ನಿನಗೇನು ಗೊತ್ತಾಗುತ್ತೆ?"

ಆ ಮಾತಿಗೆ ಹುಡುಗಿಯರೆಲ್ಲ ತಲೆ ತಗ್ಗಿಸಿದರು. ಇನ್ಶಿರಾ ತನ್ನ ದೊಡ್ಡ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು.

"ಅಮ್ಮಾ, ಸಾಕು" ಎಂದಳು ರೊದೈನಾ. ಅವಳು ಮೂಲೆಯಿಂದ ಎದ್ದು ನಿಂತಿದ್ದಳು. "ನಾನು ಪಾಸಾಗಿಲ್ಲ. ಬಲಗಾಲಲ್ಲಿ ಬೇಕಂತಲೇ ಕಮ್ಮಿ ಹಾರಿದೆ. ಕ್ಯಾಪ್ಟನ್‌ಗೆ ಅವತ್ತೇ ಗೊತ್ತಾಯ್ತು. ಯಾರಿಗೂ ಹೇಳಲಿಲ್ಲ."

ಉಮ್ಮ್ ಕರೀಮ್ ಮಗಳನ್ನು ನೋಡಿದಳು, ಇನ್ಶಿರಾಳನ್ನು ನೋಡಿದಳು, ಸಿಕ್ಕ ಜಾಗದಲ್ಲಿ ಕುಸಿದು ಕೂತಳು. ಮಾತಾಡಿದವಳು ಮರಿಹಾಮ್.

"ಒಂಬತ್ತು ದಿನ ಎಲ್ಲರೂ ನಿಮ್ಮನ್ನ ಉಗಿದ್ರು. ನಾನೂ ಉಗಿದೆ. ಒಂದು ಮಾತು ಹೇಳಬಾರದಿತ್ತಾ ಕ್ಯಾಪ್ಟನ್?"

"ನನ್ನನ್ನ ಉಗಿದ್ರೆ ಏನಾಯ್ತು, ಒರೆಸ್ಕೊಂಡೆ" ಎಂದಳು ಇನ್ಶಿರಾ. "ಅವಳಿಗೆ ಇಪ್ಪತ್ತು ವರ್ಷ. ಪರೀಕ್ಷೆಲಿ ಮೋಸ ಮಾಡೋಳು ಅಂತ ಊರಲ್ಲಿ ಹೆಸರು ಬಿದ್ರೆ ಯಾವ ಕ್ಲಬ್ಬು ಸೇರಿಸ್ಕೊಳ್ಳುತ್ತೆ? ಮಂಡಿನ ನಾನು ಹನ್ನೆರಡು ವಾರದಲ್ಲಿ ಸರಿ ಮಾಡ್ತೀನಿ. ಹೆಸರನ್ನ ಸರಿ ಮಾಡೋ ವ್ಯಾಯಾಮ ನನಗೆ ಗೊತ್ತಿಲ್ಲ."

ರೊದೈನಾ ಅಲ್ಲೇ ನಿಂತು ಅತ್ತಳು. ಇನ್ಶಿರಾ ಅವಳನ್ನು ಅಳಲು ಬಿಟ್ಟಳು. ಆಮೇಲೆ, "ಶನಿವಾರ ಆರು ಗಂಟೆಗೆ ಬಾ. ವಾರ ತಪ್ಪಿಸೋ ಹಾಗಿಲ್ಲ" ಎಂದಳು.

"ಎಲ್ಲಿಗೆ ಕ್ಯಾಪ್ಟನ್? ಹಾಲ್ ಮದುವೆಗೆ ಹೋಯ್ತಲ್ಲ."

"ನಮ್ಮನೆ ತಾರಸಿಗೆ. ಆರನೇ ಮಹಡಿ, ಲಿಫ್ಟ್ ಕೆಟ್ಟು ನಾಲ್ಕು ವರ್ಷ ಆಯ್ತು. ಹತ್ತಿ ಬರೋದೇ ಅರ್ಧ ವ್ಯಾಯಾಮ."

"ನಾವೂ ಬರ್ತೀವಿ" ಎಂದಳು ಮರಿಹಾಮ್.

"ನೀವ್ಯಾಕೆ? ಆಡೋಕೆ ನಿಮಗೆ ತಂಡ ಎಲ್ಲಿದೆ?"

"ಅವಳಿಗೆಲ್ಲಿದೆ ಮತ್ತೆ?"

 ಒಂಬತ್ತು ದಿನ ಕಲ್ಲಿನಂತಿದ್ದ ಹೆಂಗಸು ಒದ್ದೆಯಾದ ಕಣ್ಣು ತೋರಿಸಬಾರದೆಂದು ಹುಡುಗಿಯರಿಗೆ ಬೆನ್ನು ತಿರುಗಿಸಿ ನಿಂತಳು, ಯಾರೂ ಹಾರಿರದಿದ್ದರೂ ಅವರ ಕಾಲಿನ ಸಪ್ಪಳವನ್ನು ಬಾಯಿಗೆ ಬಂದಂತೆ ಬೈದು, ಬರುವವರೆಲ್ಲ ಒಬ್ಬೊಬ್ಬರು ಕಂಬಿಗೆ ಹಾಕುವ ಒಂದೊಂದು ಕಬ್ಬಿಣದ ಬಿಲ್ಲೆ ಹೊತ್ತು ತರಬೇಕೆಂದು ಹೇಳಿದಳು.

ಶನಿವಾರ ಆರು ಗಂಟೆಗೆ ಹನ್ನೊಂದು ಹುಡುಗಿಯರೂ ಆರು ಮಹಡಿ ಹತ್ತಿ ಬಂದರು. ಹನ್ನೆರಡನೆಯವಳಾಗಿ ಏದುಸಿರು ಬಿಡುತ್ತಾ ಉಮ್ಮ್ ಕರೀಮ್ ಬಂದಳು, ಮಗಳ ಪಾಲಿನ ಬಿಲ್ಲೆ ಅವಳ ಕೈಯಲ್ಲಿತ್ತು.