ಸದ್ದು ಮಾಡದ ಟೈರು

ಆಸ್ಪತ್ರೆಯ ಜೀಪು ಓಡಿಸುವವನನ್ನು ಎಲ್ಲರೂ ಸಾರಥಿ ಎಂದೇ ಕರೆಯುತ್ತಿದ್ದರು. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹಿಂದೆ ಯಾವಾಗಲೋ ಒಬ್ಬ ಡಾಕ್ಟರು ತಮಾಷೆಗೆ ಹಾಗೆ ಕರೆದಿದ್ದರು, ಅವನಿಗೆ ಹಿಡಿಸಿತು, ಅಂಟಿಕೊಂಡಿತು. ತಾನು ಬರೀ ಡ್ರೈವರಲ್ಲ ಎಂಬುದು ಅವನಿಗೆ ಮೊದಲಿನಿಂದಲೂ ಗೊತ್ತಿದ್ದ ವಿಷಯ. ಬೇರೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಜಂಬಕ್ಕೆ ಕಾರಣವೂ ಇತ್ತು. ಪ್ರಾಯದಲ್ಲಿ ಅವನು ಒಂದು ಗ್ಯಾರೇಜಿನಲ್ಲಿ ದುಡಿದಿದ್ದ. ಬಾನೆಟ್ ಎತ್ತುವ ಮೊದಲು ಗಾಡಿಯ ಸದ್ದು ಕೇಳಬೇಕು ಎಂಬುದು ಅಲ್ಲಿನ ಮೇಸ್ತ್ರಿಯ ಕಟ್ಟಪ್ಪಣೆ. ಬೇರಿಂಗ್ ಹೋಗಿದ್ದರೆ ಒಂದು ಸದ್ದು, ಬೆಲ್ಟು ಸಡಿಲಾಗಿದ್ದರೆ ಇನ್ನೊಂದು. ಆಸ್ಪತ್ರೆಗೆ ಸೇರಿದ ಮೇಲೆ ಸಾರಥಿ ಈ ವಿದ್ಯೆಯನ್ನು ಧಾರಾಳವಾಗಿ ಹಂಚಿದ. ಆಂಬುಲೆನ್ಸಿನವರು, ಸಾಮಾನು ಸಾಗಿಸುವ ವ್ಯಾನಿನವರು ತಮ್ಮ ಗಾಡಿ ತಂದು ಅವನ ಮುಂದೆ ನಿಲ್ಲಿಸುತ್ತಿದ್ದರು. ಅವನು ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ, ನಾಡಿ ಹಿಡಿದವನ ಗಾಂಭೀರ್ಯದಲ್ಲಿ ನಿಂತು ರೋಗ ಹೇಳುತ್ತಿದ್ದ. ಹೇಳಿದ್ದು ಬಹುಪಾಲು ಸರಿಯಾಗಿರುತ್ತಿತ್ತು. ತಪ್ಪಿದ ದಿನ ಮಾತ್ರ ಅವನಿಗೆ ತುರ್ತಾಗಿ ಬೇರೆಲ್ಲೋ ಕೆಲಸ ಬಂದುಬಿಡುತ್ತಿತ್ತು.

ಅವನ ಜೀಪು ನಾಲ್ಕು ಚಕ್ರಕ್ಕೂ ಇಂಜಿನ್ನಿನ ಎಳೆತವಿರುವ ಗಟ್ಟಿಮುಟ್ಟು ಗಾಡಿ. ವಾರಕ್ಕೊಮ್ಮೆ ಸಿಸ್ಟರನ್ನೂ ಲಸಿಕೆಯ ಪೆಟ್ಟಿಗೆಯನ್ನೂ ಕೂರಿಸಿಕೊಂಡು ಗುಡ್ಡದ ಮೇಲಿನ ಮನೆಗಳಿಗೆ ಹೋಗಿಬರುವುದು, ಉಳಿದ ದಿನ ಊರೊಳಗಿನ ಓಡಾಟ. ಅದಕ್ಕೆ ಎರಡು ಜೊತೆ ಟೈರು. ಬಿಸಿಲುಗಾಲಕ್ಕೆ ಟಾರು ರಸ್ತೆಯ ನಯವಾದ ಟೈರು. ಮಳೆ ಹಿಡಿದು ಗುಡ್ಡದ ದಾರಿ ಕೆಸರಾದ ಮೇಲೆ ಮೈತುಂಬ ದಪ್ಪ ರಬ್ಬರ್ ಬಟನ್ನುಗಳಿರುವ, ಕೆಸರು ಕಚ್ಚುವ ಟೈರು. ಬಟನ್ ಟೈರು ಮಣ್ಣಿನಲ್ಲಿ ಎಷ್ಟು ಒಳ್ಳೆಯದೋ ಟಾರಿನ ಮೇಲೆ ಅಷ್ಟೇ ಗಲಾಟೆಯದು. ಗುಂಯ್ ಎಂದು ಅದು ಮೊರೆಯತೊಡಗಿದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸದು. ಬೇಸಗೆಯಿಡೀ ಈ ಟೈರುಗಳು ಸಾರಥಿಯ ಹೆಂಡತಿಯ ತಮ್ಮನ ಟೈರ್ ಅಂಗಡಿಯ ಅಟ್ಟದಲ್ಲಿ, ಟೈರು ಕೂರುವ ಕಬ್ಬಿಣದ ಡಿಸ್ಕುಗಳ ಸಮೇತ ಮಲಗಿರುತ್ತಿದ್ದವು.

ಈಚಿನ ವರ್ಷಗಳಲ್ಲಿ ಲೋಕ ಸುಧಾರಿಸಿದೆ ಎಂದು ಸಾರಥಿಗೆ ಅನ್ನಿಸತೊಡಗಿತ್ತು. ಮೊದಲು ಅವನ ಹೆಂಡತಿಯನ್ನೇ ತೆಗೆದುಕೊಳ್ಳಿ. ಅಡುಗೆಮನೆಯಿಂದಲೇ ಗಂಟಲು ಹರಿಯುವಂತೆ ಕೂಗುತ್ತಿದ್ದವಳು ಈಗ ಕೆಲಸ ಬಿಟ್ಟು ಎದ್ದು ಬಂದು, ಭುಜದ ಮೇಲೆ ಕೈಯಿಟ್ಟು, ಮುಖ ನೋಡಿ ಮಾತಾಡುತ್ತಿದ್ದಳು. ವಯಸ್ಸಾಗುತ್ತ ಪ್ರೀತಿ ಹೆಚ್ಚಿದೆ ಎಂದುಕೊಂಡು ಅವನು ಒಳಗೊಳಗೇ ಹಿಗ್ಗಿದ. ಪಕ್ಕದ ಮನೆಯ ನಾಯಿ ಬೊಗಳುವುದನ್ನು ಬಿಟ್ಟಿತ್ತು. ಬೀದಿಯಲ್ಲಿ ಹಾರ್ನ್ ಹೊಡೆಯುವವರು ಕಡಿಮೆಯಾಗಿದ್ದರು. ಸುಧಾರಿಸುವ ಬದಲು ಕೆಟ್ಟವರು ಇಬ್ಬರೇ. ಆಸ್ಪತ್ರೆಯ ದೊಡ್ಡ ಡಾಕ್ಟರು ಬಾಯೊಳಗೇ ಗೊಣಗುವುದನ್ನು ಕಲಿತಿದ್ದರು. ಅವರು ಏನು ಹೇಳಿದರೂ ಸಾರಥಿ ಆಗಲಿ ಸಾರ್ ಎಂದು ತಲೆಯಾಡಿಸಿ ಬಂದು, ಆಮೇಲೆ ಸಿಸ್ಟರನ್ನು ಕೇಳಿ ತಿಳಿದುಕೊಳ್ಳುತ್ತಿದ್ದ. ಆ ಸಿಸ್ಟರಾದರೋ ತಲೆ ಮೇಲೆ ಕೂರಲು ಶುರುಮಾಡಿದ್ದರು. ಹಿಂದೆ ಲಾರಿ ಇದೆ, ಪಕ್ಕಕ್ಕೆ ತಗೊಳ್ಳಿ ಎನ್ನುವುದು. ಯಾರೋ ಹಾರ್ನ್ ಮಾಡ್ತಿದಾರೆ, ದಾರಿ ಬಿಡಿ ಎನ್ನುವುದು. ಗಾಡಿ ಓಡಿಸುವವನು ನಾನೋ ನೀವೋ ಎಂದು ಅವನು ಒಂದು ಸಲ ಕೇಳಿಯೂಬಿಟ್ಟ. ಅವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಮುಂದಿನ ಲಾರಿ ಬಂದಾಗ ಮತ್ತೆ ಹೇಳಿದರು.

ತನ್ನ ಕಿವಿಯ ಬಗ್ಗೆ ಮಾತ್ರ ಅವನಿಗೆ ಯಾವ ಅನುಮಾನವೂ ಬರಲಿಲ್ಲ. ಇಂಜಿನ್ನಿನ ನಡುಕ ಸ್ಟೇರಿಂಗಿನಿಂದ ಅಂಗೈಗೆ, ಸೀಟಿನಿಂದ ಬೆನ್ನಿಗೆ ಬರುತ್ತಿತ್ತು. ಅದನ್ನೇ ಕೇಳಿಸಿತು ಎಂದುಕೊಳ್ಳುತ್ತಿದ್ದ. ಎದುರಿಗೆ ನಿಂತವರ ಮಾತು ಅರ್ಧ ಕಿವಿಗೆ, ಅರ್ಧ ಕಣ್ಣಿಗೆ ತಿಳಿಯುತ್ತಿತ್ತು. ಅವನಿಗೆ ಇದ್ದದ್ದು ಒಂದೇ ಆಸೆ. ಕೈಕಾಲು ನಡೆಯುವವರೆಗೂ ಈ ಜೀಪು ತನ್ನ ಕೈಯಲ್ಲೇ ಇರಬೇಕು. ಈ ಸೀಟಿನಿಂದ ನಾನಾಗಿ ಇಳಿಯುವವನಲ್ಲ, ಎತ್ತಿಕೊಂಡೇ ಹೋಗಬೇಕು ಎಂದು ಅವನು ಹೇಳಿದಾಗಲೆಲ್ಲ ಕೇಳಿದವರು ನಗುತ್ತಿದ್ದರು. ಹೆಂಡತಿ ನಗುತ್ತಿರಲಿಲ್ಲ.

ಆ ವರ್ಷ ಮೋಡ ಕಟ್ಟಿದ ಕೂಡಲೇ ಸಾರಥಿ ಜೀಪನ್ನು ಭಾಮೈದನ ಅಂಗಡಿಗೆ ಒಯ್ದ. ಹಳೆಯ ಬಟನ್ ಟೈರು ಸವೆದಿದ್ದರಿಂದ ಆಸ್ಪತ್ರೆಯವರು ಹೊಸದನ್ನು ತರಿಸಿಕೊಟ್ಟಿದ್ದರು. ಭಾಮೈದ ಅವನ್ನು ಹಳೆಯ ಡಿಸ್ಕುಗಳಿಗೇ ಕೂರಿಸಿ, ಗಾಳಿ ತುಂಬಿ ಇಟ್ಟಿದ್ದ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಪಾನಾದಿಂದ ಒಂದು ಸುತ್ತು ಸಡಿಲಿಸಿ, ಜಾಕ್ ಕೊಟ್ಟು ಎತ್ತಿ, ಒಂದೊಂದೇ ಚಕ್ರ ಬದಲಾಯಿಸಿದ. ಸಾರಥಿ ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು ಉಪದೇಶ ಮಾಡಿದ. ಟೈರಿನ ಮೇಲಿನ ಬಾಣದ ಗುರುತು ಮುಂದಕ್ಕೇ ಇದೆಯಾ ನೋಡು, ನಟ್ಟು ಸಾಲಾಗಿ ಬಿಗಿಯಬೇಡ, ಎದುರುಬದುರು ಬಿಗಿ. ಅಂಗಡಿ ಇಟ್ಟಾಗಿನಿಂದ ಈ ಕೆಲಸವನ್ನೇ ಮಾಡುತ್ತಿದ್ದ ಭಾಮೈದ ಒಂದನ್ನೂ ಕಿವಿ ಮೇಲೆ ಹಾಕಿಕೊಳ್ಳದೆ ಹೂಂಗುಟ್ಟುತ್ತ ಹೋದ.

ಎಡಗಡೆಯ ಹಿಂದಿನ ಡಿಸ್ಕು ಅಟ್ಟದ ತೇವಕ್ಕೆ ಪದರುಪದರಾಗಿ ತುಕ್ಕು ಹಿಡಿದಿತ್ತು. ತಂತಿ ಬ್ರಷ್ಷಿನಲ್ಲಿ ಉಜ್ಜಿದರೂ ಪೂರ್ತಿ ಹೋಗಲಿಲ್ಲ. ನಟ್ಟಿನ ಕೆಳಗೆ ತುಕ್ಕು ಉಳಿದರೆ ಗಾಡಿ ಓಡಿದಂತೆಲ್ಲ ಅದು ಪುಡಿಯಾಗಿ ಉದುರಿ ನಟ್ಟು ಸಡಿಲಾಗುತ್ತದೆ. ಅದಕ್ಕೇ ಚಕ್ರ ಬದಲಾಯಿಸಿದ ಮೇಲೆ ಒಂದಷ್ಟು ದೂರ ಓಡಿಸಿ ಬಂದು ಇನ್ನೊಮ್ಮೆ ಬಿಗಿ ಮಾಡಿಸುವುದು ಪದ್ಧತಿ. ಸಾರಥಿಯೊಬ್ಬನನ್ನು ಬಿಟ್ಟು ಎಲ್ಲರೂ ಅದನ್ನು ಪಾಲಿಸುತ್ತಿದ್ದರು. ನಟ್ಟು ಸಡಿಲಾದರೆ ಮೊದಲು ಗೊತ್ತಾಗುವುದು ನನ್ನ ಕಿವಿಗೆ, ಆಮೇಲೆ ನಿನ್ನ ಪಾನಾಕ್ಕೆ ಎಂಬುದು ಅವನ ಹಳೆಯ ಡೈಲಾಗು.

ಅಂದು ಅವನು ಒಂದು ಸುತ್ತು ಹೋಗಿ ಬಂದು, ಇಂಜಿನ್ ಬಂದ್ ಮಾಡದೆ, ಕಿಟಕಿಯಿಂದ ತಲೆ ಹೊರಗೆ ಹಾಕಿದ. ಜೀಪು ಬೀದಿಯ ಮೂಲೆ ತಿರುಗಿದಾಗ ಎದ್ದ ಮೊರೆತಕ್ಕೆ ಎದುರಿನ ಕ್ಷೌರದಂಗಡಿಯವನು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು ನೋಡಿ ಹೋಗಿದ್ದ.

"ಒಳ್ಳೆ ಟೈರು ಕಣಯ್ಯಾ. ಬಟನ್ ಟೈರು ಅಂತ ಗೊತ್ತೇ ಆಗಲ್ಲ. ಸದ್ದೇ ಇಲ್ಲ" ಎಂದ ಸಾರಥಿ.

ಪಾನಾ ಹಿಡಿದು ಎದ್ದು ಬಂದ ಭಾಮೈದ ಅಲ್ಲೇ ನಿಂತ. ಅವನ ಮುಖ ಸಪ್ಪಗಾಯಿತು. "ಹೌದು ಭಾವ. ಹೊಸ ಮಾದರಿ" ಎಂದ. ನಟ್ಟು ಇನ್ನೊಂದು ಸಲ ಬಿಗಿದುಬಿಡ್ತೀನಿ, ಇಳೀರಿ ಎಂದೂ ಹೇಳಿದ. ಸಾರಥಿ ತನ್ನ ಹಳೆಯ ಡೈಲಾಗು ಹೊಡೆದು ಗೇರು ಹಾಕಿದ.

ಮರುದಿನ ಬೆಳಿಗ್ಗೆ ಗುಡ್ಡದ ಪ್ರಯಾಣ. ಸಿಸ್ಟರು ಮುಖ ಗಂಟಿಕ್ಕಿಕೊಂಡು ಕೂತಿದ್ದರು, ಅಡಿಗಡಿಗೆ ಹಿಂದಕ್ಕೆ ತಿರುಗಿ ನೋಡುತ್ತಿದ್ದರು. ಮನೆಯಲ್ಲಿ ಏನೋ ಜಗಳವಾಗಿರಬೇಕೆಂದು ಸಾರಥಿ ತಾನಾಗಿ ಕೆದಕಲು ಹೋಗಲಿಲ್ಲ. ಟಾರು ಮುಗಿದು ಕೆಸರು ಶುರುವಾಯಿತು. ಹೊಸ ಬಟನ್ನುಗಳು ಮಣ್ಣಿಗೆ ಹಲ್ಲೂರಿ ಹತ್ತುವುದು ಅವನ ಕೈಗೆ ತಿಳಿಯುತ್ತಿತ್ತು. ಅವನಿಗೆ ಖುಷಿಯಾಯಿತು. ದೊಡ್ಡ ತಿರುವು ದಾಟಿದ ಮೇಲೆ ಗಾಡಿ ಸ್ವಲ್ಪ ಓಲಾಡಿತು. ದಾರಿ ಕೆಟ್ಟದಾಗಿದೆ ಎಂದುಕೊಂಡ. ಅಷ್ಟರಲ್ಲಿ ಅವನ ಮುಖದ ಮುಂದೆ ಸಿಸ್ಟರ ಅಂಗೈ ಅಡ್ಡ ಬಂತು. ಅವನು ಬ್ರೇಕ್ ಒತ್ತಿದ.

"ನಿಲ್ಲಿಸಿ ಅಂತಿದೀನಲ್ಲ. ಹಿಂದಿನ ಚಕ್ರದಲ್ಲಿ ಟಕ್ ಟಕ್ ಅಂತಿದೆ."

ಏನೂ ಇಲ್ಲ, ನನ್ನ ಗಾಡಿಯ ಸದ್ದು ನನಗೆ ಗೊತ್ತಿಲ್ಲವೇ ಎಂದು ಅವನು ವಾದಿಸಿದ. ಇಳಿದು ನೋಡಿ ಎಂದು ಅವರು ಪಟ್ಟು ಹಿಡಿದರು. ಅವರ ಮಾತನ್ನು ಸುಳ್ಳು ಮಾಡುವುದಕ್ಕೆಂದೇ ಅವನು ಇಳಿದ.

ಎಡಗಡೆಯ ಹಿಂದಿನ ಚಕ್ರದಲ್ಲಿ ಒಂದು ನಟ್ಟು ಇರಲೇ ಇಲ್ಲ. ಉಳಿದವು ಬೆರಳಿಗೇ ತಿರುಗುತ್ತಿದ್ದವು. ಚಕ್ರದಿಂದ ಒಂದು ಮಾರು ಆಚೆ ದಾರಿ ಮುಗಿದು ಇಳಿಜಾರು ಶುರುವಾಗುತ್ತಿತ್ತು, ಕೆಳಗೆ ಮರಗಳ ನೆತ್ತಿ ಕಾಣುತ್ತಿತ್ತು. ಅವನು ಚಕ್ರ ಹಿಡಿದುಕೊಂಡೇ ಕೆಸರಿನಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಸಿಸ್ಟರು ಬಂದು ಅವನೆದುರು ನಿಂತರು.

"ಯಾವಾಗಿಂದ ಬರ್ತಿತ್ತು?" ಎಂದು ಅವನು ಕೇಳಿದ.

"ಆ ದೊಡ್ಡ ತಿರುವಿನಿಂದ. ಹೇಳ್ತಾನೇ ಇದ್ದೆ."

ಅವನು ಟೈರಿನ ಬಟನ್ನುಗಳ ಮೇಲೆ ಬೆರಳಾಡಿಸಿದ. ಆಮೇಲೆ, "ಟೈರು? ಟೈರು ಸದ್ದು ಮಾಡುತ್ತಾ ಸಿಸ್ಟರ್?" ಎಂದು ಕೇಳಿದ.

ಅವರಿಗೆ ಸುಳ್ಳು ಹೇಳುವ ಮನಸ್ಸಾಯಿತು, ಹೇಳಲಿಲ್ಲ. "ಪ್ರತಿ ವರ್ಷ ಎಷ್ಟು ಮಾಡುತ್ತೋ ಅಷ್ಟೇ ಮಾಡುತ್ತೆ ಅಣ್ಣ. ಊರು ಬಿಟ್ಟಾಗಿಂದ ನಾನು ಕಿರುಚಿಕೊಂಡೇ ಮಾತಾಡ್ತಿದೀನಿ. ಬೆಳಿಗ್ಗೆ ನಿಮ್ಮ ಭಾಮೈದ ಫೋನ್ ಮಾಡಿದ್ರು, ಹಿಂದಿನ ಚಕ್ರದ ಕಡೆ ಕಿವಿ ಇಟ್ಟಿರಿ ಅಂದ್ರು."

ಅಂದರೆ ಭಾಮೈದನಿಗೆ ಗೊತ್ತು, ಸಿಸ್ಟರಿಗೆ ಗೊತ್ತು. ಬೊಗಳುವುದನ್ನು ಬಿಟ್ಟ ನಾಯಿ, ಹಾರ್ನ್ ಹೊಡೆಯದ ಬೀದಿ, ಗೊಣಗುವ ಡಾಕ್ಟರು, ಎಲ್ಲ ಒಂದೊಂದಾಗಿ ಅವನ ಕಣ್ಣ ಮುಂದೆ ಬಂದು ನಿಂತವು. ಲೋಕವೇನೂ ಸುಧಾರಿಸಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಎದ್ದು ಪಾನಾ ತೆಗೆದು, ಉಳಿದ ನಟ್ಟುಗಳನ್ನು ಮೈಭಾರವೆಲ್ಲ ಹಾಕಿ ಬಿಗಿದ. ಬೇರೆ ಮೂರು ಚಕ್ರಗಳನ್ನೂ ಬಿಗಿದ. ಮತ್ತೆ ಸೀಟಿನಲ್ಲಿ ಕೂತ ಮೇಲೆ, ಸ್ವಲ್ಪ ಕೇಳ್ತಾ ಇರಿ ಸಿಸ್ಟರ್ ಎಂದ. ಇಷ್ಟು ವರ್ಷದಲ್ಲಿ ಅವನು ಯಾರಿಗೂ ಆ ಮಾತು ಹೇಳಿರಲಿಲ್ಲ.

ಗುಡ್ಡದ ಕೆಲಸ ಮುಗಿಸಿ ಇಳಿಯುವಾಗ ಹಿಂದೆ ಲಾರಿ ಇದೆ ಎಂದು ಸಿಸ್ಟರು ಹೇಳಿದರು. ಅವನು ತುಟಿ ಪಿಟಕ್ಕೆನ್ನದೆ ಪಕ್ಕಕ್ಕೆ ತೆಗೆದುಕೊಂಡ. ಅವರನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸುವ ಮೊದಲು ಟೈರ್ ಅಂಗಡಿಯ ಮುಂದೆ ನಿಲ್ಲಿಸಿದ. ಖಾಲಿ ಬೋಲ್ಟು ನೋಡಿದ್ದೇ ಭಾಮೈದ ಪಾನಾ ತರಲು ಒಳಗೆ ಓಡಿದ. ಹೊಸ ನಟ್ಟು ಹಾಕಿ ಬಿಗಿದ ಮೇಲೆ, "ಹೇಳಬೇಡ ಅಂತ ಅಕ್ಕ ಹೇಳಿದ್ದಳು ಭಾವ. ಜೀಪು ಬಿಟ್ಟರೆ ನೀವು ಬದುಕೋದಿಲ್ಲ ಅಂತ ಅವಳ ಹೆದರಿಕೆ" ಎಂದ. ಸಾರಥಿ ಅವನನ್ನು ಬೈಯಲಿಲ್ಲ.

ಜೀಪನ್ನು ಆಸ್ಪತ್ರೆಯ ಶೆಡ್ಡಿನಲ್ಲಿ ನಿಲ್ಲಿಸಿ ಅವನು ನಡೆದು ಮನೆಗೆ ಬಂದ. ಜೀಪಿನ ಬೀಗದ ಕೈ ಎಂದಿನಂತೆ ಬಾಗಿಲ ಪಕ್ಕದ ಮೊಳೆಗೆ ಹೋಗಲಿಲ್ಲ, ಅವನ ಮುಷ್ಟಿಯಲ್ಲೇ ಉಳಿಯಿತು. ಹೆಂಡತಿ ಬಂದು ಭುಜದ ಮೇಲೆ ಕೈಯಿಟ್ಟು, ಊಟಕ್ಕೆ ಹಾಕಲಾ ಎಂದಳು.

"ಒಳಗೆ ಹೋಗು. ಅಲ್ಲಿಂದ ಕೂಗು. ಮೊದಲು ಕೂಗ್ತಿದ್ದೆಯಲ್ಲ, ಹಾಗೆ."

ಅವಳು ಅವನ ಮುಖ ನೋಡಿದಳು, ಒಳಗೆ ಹೋದಳು. ಅವನು ಕುರ್ಚಿಯ ತುದಿಯಲ್ಲಿ ಕೂತು, ತಲೆ ಒಂದು ಕಡೆ ವಾಲಿಸಿ, ಹಳೆಯ ಗಾಂಭೀರ್ಯದಲ್ಲೇ ಕಾದ. ಮನೆ ಸುಮ್ಮನಿತ್ತು. ಪಕ್ಕದ ಮನೆಯ ಹೆಂಗಸು ಗಾಬರಿಯಾಗಿ ಅವರ ಕಿಟಕಿಯಲ್ಲಿ ಇಣುಕಿದ್ದು ಕಂಡಾಗ, ಹೆಂಡತಿ ಕೂಗಿ ಆಗಿದೆ ಎಂದು ಅವನಿಗೆ ತಿಳಿಯಿತು. ಅವಳು ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಳು.

"ನೀನು ಎದ್ದು ಬಂದು ಭುಜ ಮುಟ್ಟಿ ಮಾತಾಡ್ತಿದ್ದದ್ದು ಇದಕ್ಕಾ?"

"ಮೊದಮೊದಲು ಇದಕ್ಕೇ" ಎಂದು ಅವಳು ಮತ್ತೆ ಅವನ ಭುಜದ ಮೇಲೆ ಕೈಯಿಟ್ಟಳು.

ಅವನು ಅವಳ ಕೈಯನ್ನು ಅಲ್ಲೇ ಹಿಡಿದುಕೊಂಡ. ಆಮೇಲೆ ಮುಷ್ಟಿ ಬಿಚ್ಚಿ ಬೀಗದ ಕೈಯನ್ನು ಅವಳಿಗೆ ತೋರಿಸಿದ.

"ನಾಳೆ ಇದನ್ನ ಕೊಟ್ಟು ಬರಬೇಕು. ನೀನೂ ಬಾ. ದೊಡ್ಡ ಡಾಕ್ಟರು ಏನು ಹೇಳಿದ್ರು ಅಂತ ನನಗೆ ಹೇಳೋಕೆ ಒಬ್ಬರು ಬೇಕು."