ದೊಪ್ಪಣ್ಣ ನಿಂತ ದಿನ

ಸಿನಿಮಾ ಜೈಲಿನಲ್ಲಿ ಮೊದಲ ಏಟು ಯಾರಿಗೆ ಅಂತ ಸ್ಟುಡಿಯೋದ ಗೇಟ್ ಕಾಯುವವನನ್ನು ಕೇಳಿದರೂ ಸಾಕು, ಹೇಳುತ್ತಾನೆ: ದೊಪ್ಪಣ್ಣನಿಗೆ. ಹೀರೊ ಜೈಲಿಗೆ ಬಂದ ಮೊದಲ ದಿನ ಊಟದ ಹಾಲ್‌ನಲ್ಲಿ ಅವನ ತಟ್ಟೆಗೆ ಕೈ ಹಾಕುವ ಒಬ್ಬ ಕೊಬ್ಬಿದ ಕೈದಿ ಇರುತ್ತಾನಲ್ಲ, ಅವನೇ ಇವನು. ಹೀರೊ ನಿಧಾನಕ್ಕೆ ತಲೆ ಎತ್ತುತ್ತಾನೆ. ಕಿಟಕಿಯೇ ಇಲ್ಲದ ಹಾಲ್‌ನಲ್ಲಿ ಅವನ ಕೂದಲು ಮಾತ್ರ ಗಾಳಿಗೆ ಹಾರುತ್ತದೆ. ಆಮೇಲೆ ಒಂದೇ ಏಟು. ಇವನು ಮೇಜಿನ ಮೇಲಿಂದ ಉರುಳಿ ನೆಲಕ್ಕೆ ದೊಪ್ ಅಂತ ಬೀಳುತ್ತಾನೆ, ಥಿಯೇಟರ್‌ನಲ್ಲಿ ಶಿಳ್ಳೆ ಬೀಳುತ್ತದೆ. ಹೀಗೆ ಬಿದ್ದು ಬಿದ್ದೇ ಅವನಿಗೆ ಆ ಹೆಸರು ಬಂದದ್ದು. ಅಪ್ಪ ಅಮ್ಮ ಇಟ್ಟ ಹೆಸರು ಕರೆದರೆ ಈಗ ಅವನೇ ತಿರುಗಿ ನೋಡುವುದಿಲ್ಲ.

ಆ ಜೈಲುಗಳ ಚಂದವೇ ಬೇರೆ. ಬೇರೆಯವರ ಬಟ್ಟೆ ಗೋಣಿಚೀಲದ ಹಾಗೆ ಜೋಲುತ್ತಿದ್ದರೆ ಹೀರೊನ ಕೈದಿ ಬಟ್ಟೆ ಅಳತೆ ತೆಗೆದು ಹೊಲಿದದ್ದು. ತೋಳು ಕಾಣಲಿ ಅಂತ ಅಂಗಿಗೆ ತೋಳೇ ಇರುವುದಿಲ್ಲ. ಕಂಬಿ ಎಂದರೆ ಬಣ್ಣ ಹೊಡೆದ ಪ್ಲಾಸ್ಟಿಕ್ ಪೈಪು, ಗೋಡೆ ಎಂದರೆ ಥರ್ಮಾಕೋಲು. ಇಡೀ ಜೈಲಿನಲ್ಲಿ ನಿಜವಾಗಿ ಗಟ್ಟಿಯಾದದ್ದು ನೆಲ ಒಂದೇ, ಅದರ ಪರಿಚಯ ಇದ್ದದ್ದು ದೊಪ್ಪಣ್ಣನ ಮಂಡಿಗೆ.

ಕೊನೆಗೆ ಆ ಮಂಡಿ ಕೈಕೊಟ್ಟಿತು. ಡಾಕ್ಟರು ಒತ್ತಿ ನೋಡಿ, "ಇನ್ನೊಂದ್ಸಲ ಬಿದ್ರೆ ನನ್ನ ಹತ್ರ ಬರಬೇಡಿ. ಕ್ರೇನ್ ತರಿಸ್ಕೊಳ್ಳಿ" ಅಂದರು.

ಬೀಳದೆ ಇದ್ದರೆ ದೊಪ್ಪಣ್ಣನಿಗೆ ಸ್ಟುಡಿಯೋದಲ್ಲಿ ಏನು ಕೆಲಸ? ಅವನು ಫೈಟ್ ಮಾಸ್ಟರ್ ಮುಂದೆ ಹೋಗಿ ತಲೆ ಕೆರೆದುಕೊಂಡ. ಮಾಸ್ಟರ್ ಮನಸ್ಸು ಕರಗಿತು. "ಕ್ಲೈಮ್ಯಾಕ್ಸಲ್ಲಿ ಒಬ್ಬ ಮುದುಕ ಕೈದಿ ಇದಾನೆ. ತನ್ನ ಬಿಡುಗಡೆ ದಿನ ಹೀರೊ ಬಂದು ಅವನನ್ನ ತಬ್ಕೋತಾನೆ. ನೀನು 'ಹೋಗು ಮಗಾ, ಊರೇ ನಿನಗೆ ಕಾಯ್ತಿದೆ' ಅನ್ಬೇಕು. ಅಷ್ಟೇ. ನಿಂತ್ಕೊಳ್ಳೋದು ಕಲಿತ್ರೆ ಮುಂದೇನೂ ನಿಲ್ಲೋ ಪಾತ್ರನೇ ಕೊಡಿಸ್ತೀನಿ. ಆಗಲಿಲ್ವಾ, ಮನೇಲಿ ಕೂತ್ಕೊ."

"ನಿಂತ್ಕೊಳ್ಳೋಕೆ ಏನ್ ಕಲಿಯೋದು ಮಾಸ್ಟ್ರೇ?" ಅಂತ ದೊಪ್ಪಣ್ಣ ನಕ್ಕ.

ರಿಹರ್ಸಲ್‌ನಲ್ಲಿ ಹೀರೊ ತಬ್ಬಿಕೊಳ್ಳಲು ಕೈ ಎತ್ತಿದ. ದೊಪ್ಪಣ್ಣ ದೊಪ್.

ಪಾಪ, ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಹೀರೊಗಳ ಏಟು ಯಾರ ಮೈಗೂ ತಾಗುವುದಿಲ್ಲ. ಹೀರೊನ ಭುಜ ಅಲುಗಿದ ತಕ್ಷಣ ಎದುರಿನವನು ತಾನೇ ಹಾರಿ ಬೀಳಬೇಕು, ಅದೇ ಕಸುಬು. ಎದುರಿಗಿರುವ ಭುಜ ಅಲುಗಿದರೆ ದೊಪ್ಪಣ್ಣನ ಮೈ ಅವನ ಅಪ್ಪಣೆಗೆ ಕಾಯುವುದಿಲ್ಲ. ಎರಡನೇ ಸಲ ಹೀರೊ ಕೂದಲು ಸರಿಮಾಡಿಕೊಳ್ಳಲು ಕೈ ಎತ್ತಿದ್ದಕ್ಕೂ ಬಿದ್ದ.

"ಏನಯ್ಯಾ ಇದು? ಅಪ್ಪಿಕೊಂಡ್ರೂ ಸಾಯ್ತಾನಾ ಇವ್ನು?" ಅಂತ ಡೈರೆಕ್ಟರ್ ಕಿರುಚಿದರು. ಮಾಸ್ಟರ್ ಕೈಕಾಲು ಹಿಡಿದು ಮರುದಿನದವರೆಗೆ ಸಮಯ ಕೇಳಿಕೊಂಡರು.

ಸಂಜೆ ಮನೆಯಲ್ಲಿ ಹೆಂಡತಿಯೇ ಹೀರೊ ಆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರು ನಿಂತು ಕೈ ಎತ್ತಿದಳು. ಗಂಡ ಹಾಸಿಗೆ ಮೇಲೆ ದೊಪ್. ಮತ್ತೆ ಎತ್ತಿದಳು. ಒಗೆದ ಬಟ್ಟೆ ರಾಶಿಯ ಮೇಲೆ ದೊಪ್. ಮಗಳು ದಿಂಬು ಹಿಡಿದು ಹಿಂದೆ ಹಿಂದೆ ಓಡಾಡುತ್ತಿದ್ದಳು.

ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮನೆಯ ಅಜ್ಜಿ.

"ಏನಮ್ಮಾ, ಗಂಡನ್ನ ಹೊಡೀತಿದೀಯಾ?"

"ಇಲ್ಲ ಅಜ್ಜಿ, ಮುಟ್ಟೂ ಇಲ್ಲ. ಅವರೇ ಬೀಳ್ತಿದಾರೆ."

"ಎಲ್ಲ ಹಂಗೇ ಹೇಳೋದು" ಅಂದ ಅಜ್ಜಿ ದೊಪ್ಪಣ್ಣನ ಕಡೆ ಕನಿಕರದಿಂದ ನೋಡಿ, "ನಮ್ಮನೆ ಬಾಗಿಲು ತೆಗೆದೇ ಇರತ್ತೆ ಮಗನೇ" ಅಂತ ಹೇಳಿಹೋದರು.

ಕೊನೆಗೆ ರೋಗದ ಮೂಲ ಹಿಡಿದವಳು ಮಗಳು. "ಅಪ್ಪಾ, ನೀನು ಅಮ್ಮನ ಮುಖಾನೇ ನೋಡ್ತಿಲ್ಲ! ಭುಜ ನೋಡ್ತಿದೀಯ. ಮೂಗು ನೋಡು."

ಮೂಗು ನೋಡಿದ. ಹೆಂಡತಿ ಕೈ ಎತ್ತಿದಳು. ಮೈ ಓಲಾಡಿತು, ಬೀಳಲಿಲ್ಲ. ಅವಳು ಹೋಗಿ ತಬ್ಬಿಕೊಂಡಳು, ಆಗಲೂ ಬೀಳಲಿಲ್ಲ. ಇದೇ ಸಂದರ್ಭ ಅಂತ ಅವನು ಅವಳನ್ನು ಬಿಡಲೂ ಇಲ್ಲ.

"ಸಾಕು ಬಿಡ್ರೀ, ಮಗಳಿದಾಳೆ."

"ಇನ್ನೊಂದು ಟೇಕ್ ಕಣೇ."

ಮರುದಿನ ಜೈಲಿನ ಅಂಗಳ. ಎರಡೂ ಬದಿಗೆ ಕೈದಿಗಳ ಸಾಲು, ನಡುವೆ ಕಾಲು ಅಗಲಿಸಿ ನಿಂತ ದೊಪ್ಪಣ್ಣ. ಕಣ್ಣು ಹೀರೊನ ಮೂಗಿನ ಮೇಲೆ. ಬೇರೆ ಏನೇ ಆಗಲಿ, ಆ ಮೂಗನ್ನು ಬಿಟ್ಟು ಕಣ್ಣು ಅಲುಗಿಸಬಾರದು ಅಂತ ಹಲ್ಲು ಕಚ್ಚಿ ನಿಂತಿದ್ದ. ಡೈರೆಕ್ಟರ್ ಆ್ಯಕ್ಷನ್ ಅಂದರು. ಹೀರೊ ಬಂದ. ನಡೆದು ಬಂದಿದ್ದರೆ ಗಂಟೇನು ಹೋಗುತ್ತಿತ್ತು? ಎದೆ ಉಬ್ಬಿಸಿಕೊಂಡು ಓಡೋಡಿ ಬಂದ, ಕೈ ಚಾಚಿದ, ತನ್ನ ಭಾರವನ್ನೆಲ್ಲ ಮುಂದಕ್ಕೆ ಹಾಕಿದ.

ಇಷ್ಟು ವರ್ಷದಲ್ಲಿ ಅವನ ಮುಂದೆ ಯಾರೂ ನಿಂತೇ ಇರಲಿಲ್ಲ ನೋಡಿ. ಹತ್ತಿರ ಬರುವಷ್ಟರಲ್ಲಿ ಎಲ್ಲರೂ ತಾವೇ ಹಾರಿಹೋಗುತ್ತಿದ್ದರು. ನಿಂತ ಮನುಷ್ಯನಿಗೆ ಡಿಕ್ಕಿ ಹೊಡೆದರೆ ಏನಾಗುತ್ತದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ದೊಪ್ಪಣ್ಣನ ಎದೆಗೆ ಬಡಿದು ಹೀರೊ ಚೆಂಡಿನ ಹಾಗೆ ಹಿಂದಕ್ಕೆ ಚಿಮ್ಮಿ ನೆಲದ ಮೇಲೆ ಕುಕ್ಕರಿಸಿದ.

ಹೀರೊ ಬಿದ್ದಿರುವಾಗ ಸೈಡಿನವರು ನಿಂತಿರುವುದೆಂದರೆ? ಕೈದಿಗಳು ಒಂದು ಗಳಿಗೆ ಮುಖ ಮುಖ ನೋಡಿಕೊಂಡು, ಎರಡೂ ಸಾಲಿನವರು ಒಟ್ಟಿಗೆ ಉರುಳಿದರು. ಜೈಲರ್ ಪಾತ್ರದವನೂ ಟೋಪಿ ಹಿಡಿದುಕೊಂಡು ಮಲಗಿದ. ಕಂಬಿ ಬಾಗಿತು, ಗೋಡೆಯೊಂದು ತೂಗಾಡಿ ಬಿತ್ತು. ಆ ಧೂಳಿನ ನಡುವೆ ನಿಂತಿದ್ದವನು ದೊಪ್ಪಣ್ಣ ಒಬ್ಬನೇ. ಮೂಗು ಈಗ ಕೆಳಗಿತ್ತು, ಕಣ್ಣೂ ಅದರ ಹಿಂದೆ ಕೆಳಗಿಳಿಯಿತು. ಕಟ್ ಅಂತ ಯಾರೂ ಹೇಳಿರಲಿಲ್ಲ, ಡೈಲಾಗು ಬಾಕಿ ಇತ್ತು. ಒಂದು ಮಾತು ತಾನೇ ಸೇರಿಸಿ, ಹೊಟ್ಟೆಯಾಳದಿಂದ ಹೇಳಿದ.

"ಏಳು ಮಗಾ. ಹೋಗು. ಊರೇ ನಿನಗೆ ಕಾಯ್ತಿದೆ."

ಹೀರೊ ಸೊಂಟ ಹಿಡಿದುಕೊಂಡು ಎದ್ದ. "ಏನ್ರೀ, ನಾನು ಬಿದ್ನಾ?"

"ಛೇ ಛೇ, ನೀವ್ಯಾಕೆ ಬೀಳ್ತೀರಿ ಸರ್?" ಡೈರೆಕ್ಟರ್ ಓಡಿಬಂದರು. "ಬಾಂಬ್ ಸಿಡೀತು."

"ಯಾವ ಬಾಂಬು?"

"ಆಮೇಲೆ ಗ್ರಾಫಿಕ್ಸಲ್ಲಿ ಹಾಕ್ತೀವಿ ಸರ್. ಇಡೀ ಜೈಲೇ ಉಡೀಸ್."

ಹೀರೊ ಯೋಚಿಸಿದ. "ದೊಡ್ಡ ಬಾಂಬೇ ಹಾಕ್ರಿ ಹಾಗಾದ್ರೆ. ಸಣ್ಣ ಪುಟ್ಟದಕ್ಕೆಲ್ಲ ನಾನು ಬೀಳೋನಲ್ಲ."

ಸಿನಿಮಾ ಬಂತು. ಬಾಂಬು ಸಿಡಿಯಿತು, ಹೀರೊ ಸಮೇತ ಎಲ್ಲರೂ ಬಿದ್ದರು, ಮುದುಕ ಕೈದಿ ಮಾತ್ರ ಹೊಗೆಯೊಳಗೆ ಕಂಬದ ಹಾಗೆ ನಿಂತಿದ್ದ. ಅವನಿಗೆ ಯಾಕೆ ಏನೂ ಆಗಲಿಲ್ಲ ಅಂತ ಒಬ್ಬರೂ ಕೇಳಲಿಲ್ಲ. ಕೇಳುವವರು ಇಂಥ ಸಿನಿಮಾಕ್ಕೆ ಬರುವುದಿಲ್ಲ. ಶಿಳ್ಳೆಯೋ ಶಿಳ್ಳೆ. ಜೊತೆಗೆ ಬಂದಿದ್ದ ಪಕ್ಕದ ಮನೆಯ ಅಜ್ಜಿ ಸೀಟಿನಿಂದಲೇ ಬಗ್ಗಿ ದೊಪ್ಪಣ್ಣನ ಹೆಂಡತಿಯ ಕಿವಿಯಲ್ಲಿ, "ಬಾಂಬಿಗೇ ಬೀಳದ ಗಂಡಸು ನಿನ್ನ ಕೈಗೆ ಬೀಳ್ತಾನಲ್ಲೇ" ಅಂದರು.

ಆ ವಾರವೇ ಮಾಸ್ಟರ್ ಫೋನು ಬಂತು. ಇನ್ನೊಂದು ಜೈಲಂತೆ. ಕಂಬಿ ಹಿಂದೆ ನಿಂತು ದಿಟ್ಟಿಸಿ ನೋಡುವ ಹಳೇ ಕೈದಿಯ ಪಾತ್ರವಂತೆ. ಪಿಕ್ಚರ್ ಪೂರ್ತಿ ನಿಂತೇ ಇರಬೇಕಂತೆ.

ದೊಪ್ಪಣ್ಣ ಮಂಡಿ ನೀವಿಕೊಳ್ಳುತ್ತಾ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಫೋನು ಕಸಿದುಕೊಂಡಳು.

"ನಿಲ್ತಾರೆ ಮಾಸ್ಟ್ರೇ, ಖಂಡಿತ ನಿಲ್ತಾರೆ. ಟೇಕು ಟೇಕಿನ ಮಧ್ಯೆ ಒಂದು ಕುರ್ಚಿ ಮಾತ್ರ ಹಾಕಿಸಿ. ಮತ್ತೆ ಕುರ್ಚಿ ಥರ್ಮಾಕೋಲಿಂದು ಬೇಡ."